ಆಮೆಯ ಕೆಲಸ

ನಮ್ಮ ಶಾಲೆಯಲ್ಲಿ ಯಾರಿಗೂ ಬೇಡವಾದ ಕೆಲಸ ಕೊನೆಗೆ ಕನ್ನಡ ಟೀಚರ ತಲೆಗೆ ಬರುವುದು ರೂಢಿ. ಬಿ.ಎ., ಬಿ.ಎಡ್. ಮಾಡಿ ಹಳಗನ್ನಡ ಹೇಳಿಕೊಂಡಿದ್ದ ನನ್ನ ಸೊಂಟಕ್ಕೆ ಕಂಪ್ಯೂಟರ್ ಕೋಣೆಯ ಬೀಗದಕೈ ಬಂದದ್ದೂ ಹಾಗೆಯೇ. ಅಲ್ಲಿ ಯಾರೋ ಪುಣ್ಯಾತ್ಮರು ದಾನ ಕೊಟ್ಟ ಹಳೆಯ ಸರ್ವರ್ ಒಂದಿತ್ತು. ಎರಡು ಪ್ರೊಸೆಸರ್‌ಗೆ ಜಾಗ, ಇದ್ದದ್ದು ಒಂದೇ. ಎರಡನೆಯದು ಬಾರದೆ ಅದರ ಪಾಲಿನ ಮೆಮೊರಿ ಸ್ಲಾಟುಗಳೂ ಕೆಲಸ ಮಾಡವಂತೆ. ಅರ್ಧ ಮನೆಗೆ ಬೀಗ ಹಾಕಿ ಸಂಸಾರ ಹೂಡಿದ ಹಾಗೆ.

ಆ ಬೀಗ ತೆಗೆಯಲು ಬಂದವನು ನನ್ನ ಹಳೆಯ ಶಿಷ್ಯ. ಬೆಂಗಳೂರಿನಲ್ಲಿ ಅವನಿಗೆ ಇದೇ ಉದ್ಯೋಗ. ಕಂಡೊಡನೆ ನನಗೆ ಒಳಗೊಳಗೇ ಮುಜುಗರ. ಉಕ್ತಲೇಖನದಲ್ಲಿ ಎಲ್ಲರೂ ಪುಸ್ತಕ ಮುಚ್ಚಿದ ಮೇಲೂ ಬರೆಯುತ್ತಲೇ ಇರುತ್ತಿದ್ದ ಹುಡುಗ. ‘ಆಮೆ’ ಎಂದು ಹೆಸರಿಟ್ಟವಳು ನಾನೇ. ಹತ್ತನೆಯ ತರಗತಿ ಮುಗಿಯುವವರೆಗೂ ಆ ಹೆಸರು ಅವನನ್ನು ಬಿಡಲಿಲ್ಲ.

ಯಂತ್ರವನ್ನು ಆರಿಸಿ, ಹಿಂದಿನ ಎರಡೂ ವಿದ್ಯುತ್ ತಂತಿಗಳನ್ನು ಕಿತ್ತ. ಒಳಗಿರುವುದರ ಮಾದರಿಯನ್ನು ಚೀಟಿಯಲ್ಲಿ ಬರೆದುಕೊಂಡಿದ್ದ. ತಂದದ್ದನ್ನು ಅದರೊಡನೆ ತಾಳೆ ನೋಡಿದ. “ಜೋಡೆತ್ತು ಟೀಚರ್, ಒಂದೇ ತಳಿ ಇರಬೇಕು” ಎಂದ. ಮಣಿಕಟ್ಟಿಗೆ ಪಟ್ಟಿ ಕಟ್ಟಿ, ಅದರ ತಂತಿಯನ್ನು ಪೆಟ್ಟಿಗೆಯ ಲೋಹಕ್ಕೆ ಸಿಕ್ಕಿಸಿದ. ನಾನು ಬಗ್ಗಿದೆ. “ನೈಲಾನ್ ಸೀರೆ, ಸ್ವಲ್ಪ ದೂರ ನಿಲ್ಲಿ.” ವಿಜ್ಞಾನದ ಮೇಷ್ಟ್ರು ರಜೆ ಹಾಕಿದ ದಿನ, ಬಾಚಣಿಗೆಯನ್ನು ತಲೆಗುಜ್ಜಿ ಕಾಗದದ ಚೂರು ಎತ್ತಿ ಇವನಿಗೇ ತೋರಿಸಿದವಳು ನಾನು! ನಮ್ಮ ಮೈಗೆ ಗೊತ್ತೇ ಆಗದ ಕಿಡಿಯೂ ಚಿಪ್ಪನ್ನು ಕೊಲ್ಲಬಲ್ಲದಂತೆ.

ಅದು 2017ರಲ್ಲಿ ಬಂದ ಇಂಟೆಲ್ ಜಿಯಾನ್ ಸ್ಕೇಲಬಲ್ ವಂಶದ್ದು. ಸಾಕೆಟ್ಟಿನ ಮುಚ್ಚಳವನ್ನು ನೆಟ್ಟಗೆ ಮೇಲಕ್ಕೆತ್ತಿದಾಗ ಒಳಗೆ ಜರಿಯಂತೆ ಮಿನುಗುವ 3647 ಸಣ್ಣ ಕಡ್ಡಿಗಳು. ಒಂದು ಬಾಗಿದರೂ ಇಡೀ ಮದರ್‌ಬೋರ್ಡ್ ಬದಲಿಸಬೇಕಾಗಬಹುದು. ಹೊಸಬನಾಗಿದ್ದಾಗ ಅವಸರದಲ್ಲಿ ಹಾಗೊಂದನ್ನು ಕಳೆದಿದ್ದನಂತೆ.

ಪ್ರೊಸೆಸರನ್ನು ಅಂಚಿನಲ್ಲಷ್ಟೇ ಹಿಡಿದು, ಮೂಲೆಯ ತ್ರಿಕೋನದ ಗುರುತು ನೋಡಿ, ಪ್ಲಾಸ್ಟಿಕ್ ಚೌಕಟ್ಟಿಗೆ ಕೂರಿಸಿದ. ಶಾಖ ಹೀರುವ ಲೋಹಕ್ಕೆ ಅದನ್ನು ಜೋಡಿಸಿ, ಎರಡನ್ನೂ ಒಟ್ಟಿಗೆ ತಿರುಗಿಸಿ ಹಿಡಿದ. ಆ ಹೊತ್ತಿಗೆ ಗಂಟೆ ನಾಲ್ಕೂವರೆ. ನನಗೆ ಬಸ್ಸಿನ ಚಿಂತೆ. “ಬೇಗ ಒತ್ತಿಬಿಡಪ್ಪ” ಎಂದೆ.

ಅವನು ತಲೆಯೆತ್ತಲಿಲ್ಲ. “ಒತ್ತಬಾರದು ಟೀಚರ್. ತಾನಾಗಿ ಕೂರಬೇಕು. ಇದು ಆಮೆ ಕೆಲಸ.”

ಸಿಟ್ಟಿರಲಿಲ್ಲ ಆ ಮಾತಿನಲ್ಲಿ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು.

ಮಾರ್ಗದರ್ಶಿ ಗೂಟಗಳಿಗೆ ನೇರವಾಗಿ ಇಳಿಸಿದ. ಸದ್ದಿಲ್ಲದೆ ಕೂತಿತು. ನಾಲ್ಕು ತಿರುಪುಗಳು; 1, 2, 3, 4 ಎಂದು ಬರೆದಿದ್ದ ಕ್ರಮದಲ್ಲೇ, ಇಷ್ಟಕ್ಕಿಂತ ಹೆಚ್ಚು ಬಿಗಿಯದ ವಿಶೇಷ ಸ್ಕ್ರೂಡ್ರೈವರಿನಿಂದ ಬಿಗಿದ. ಬಿಚ್ಚುವಾಗ ಇದೇ ಕ್ರಮ ತಿರುವುಮುರುವು. ಆಮೇಲೆ ಮೆಮೊರಿ, ಗಾಳಿಯ ಹೊದಿಕೆ, ಮುಚ್ಚಳ, ತಂತಿ.

ಗುಂಡಿ ಒತ್ತಿದ. ಫ್ಯಾನುಗಳು ಹೋ ಎಂದವು. ಪರದೆ ಮಾತ್ರ ಕಪ್ಪು. ನಿಮಿಷ ಕಳೆದವು. “ಮೆಮೊರಿ ಪರೀಕ್ಷಿಸ್ತಿದೆ, ಕಾಯಬೇಕು” ಎಂದು ಕೈಕಟ್ಟಿ ನಿಂತ. ನನ್ನ ಬಸ್ಸು ಹೋಯಿತು. ಕೊನೆಗೆ ಪರದೆಯ ಮೇಲೆ ಎರಡೂ ಪ್ರೊಸೆಸರ್‌ಗಳ ಹೆಸರು ಮೂಡಿದವು.

ತಪ್ಪಾಯಿತು ಎನ್ನುವ ಅಭ್ಯಾಸ ನಮ್ಮ ವೃತ್ತಿಯಲ್ಲಿ ಕಡಿಮೆ. ಕಾಫಿ ತರಿಸಿಕೊಟ್ಟೆ, ಅಷ್ಟೆ.

ಮರುದಿನ ಉಕ್ತಲೇಖನ. ಎಲ್ಲರೂ ಪುಸ್ತಕ ಮುಚ್ಚಿದ್ದರು. ಕೊನೆಯ ಬೆಂಚಿನ ಹುಡುಗಿಯೊಬ್ಬಳು ಇನ್ನೂ ಬರೆಯುತ್ತಿದ್ದಳು. ನಾನು ಮುಂದಿನ ವಾಕ್ಯ ಹೇಳದೆ ಕಾದೆ.