ದಿಂಬಂ ಘಟ್ಟದಲ್ಲಿ ಕಿವಿಯ ಸಾಕ್ಷ್ಯ

ತಾಳವಾಡಿಯಿಂದ ಸತ್ಯಮಂಗಲಕ್ಕೆ ಹೊರಟವರು ಹಾಸನೂರನ್ನು ದಾಟಿ ದಿಂಬಂ ತಲಪಿದೊಡನೆ ಮಾತು ಕಡಿಮೆ ಮಾಡುತ್ತಾರೆ. ಬಸ್ಸಿನಲ್ಲಿರುವವರು ಮುಂದಿನ ಸೀಟಿನ ಕಂಬಿಯನ್ನು ಹಿಡಿದುಕೊಳ್ಳುತ್ತಾರೆ. ತಾಯಂದಿರು ಮಕ್ಕಳನ್ನು ಮಡಿಲಿಗೆ ಎಳೆದುಕೊಳ್ಳುತ್ತಾರೆ. ಸಾವಿರ ಮೀಟರಿಗೂ ಮಿಗಿಲಾದ ಆ ಎತ್ತರದಿಂದ ರಸ್ತೆ 27 ಹೇರ್‌ಪಿನ್ ತಿರುವುಗಳನ್ನು ಸುತ್ತಿ ಬಣ್ಣಾರಿ ಮಾರಮ್ಮನ ಸನ್ನಿಧಿಗೆ ಇಳಿಯುತ್ತದೆ. ಒಂದು ಬದಿಗೆ ಬಂಡೆ, ಇನ್ನೊಂದು ಬದಿಗೆ ಪ್ರಪಾತ, ಸುತ್ತಲೂ 2013ರಲ್ಲಿ ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಿತವಾದ ಕಾಡು.

ಈರೋಡು ಜಿಲ್ಲೆಗೆ ಸೇರಿದ ನಮ್ಮ ಸೀಮೆಯ ಜನರು ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತಮಿಳು ಎಂದು ಬದುಕುತ್ತಿರುವವರು. ನ್ಯಾಯಾಲಯ, ದೊಡ್ಡ ಆಸ್ಪತ್ರೆ, ಹೂವಿನ ಮಾರುಕಟ್ಟೆ ಎಲ್ಲವೂ ಘಟ್ಟದ ಕೆಳಗಿವೆ. ಕನ್ನಡ ಶಾಲೆಯನ್ನು ಮುಗಿಸಿದ ನಮ್ಮ ಮಕ್ಕಳಲ್ಲಿ ಹಲವರು ಮುಂದಿನ ಓದಿಗೆಂದು ಇಳಿಯುವುದೂ ಇದೇ ದಾರಿಯಲ್ಲಿ. ವಕೀಲನಾಗಿ ಹದಿನೆಂಟು ವರ್ಷಗಳಿಂದ ಕಡತಗಳ ಚೀಲ ಹೊತ್ತು ಈ ಘಟ್ಟವನ್ನು ಏರಿಳಿಯುತ್ತಿರುವ ನನಗೆ ಪ್ರತಿಯೊಂದು ತಿರುವಿನ ಗುಣವೂ ತಿಳಿದಿದೆ ಎಂದೇ ಭಾವಿಸಿದ್ದೆ. ಕಳೆದ ಆಷಾಢದ ಒಂದು ಬೆಳಿಗ್ಗೆ ಆ ಭಾವನೆ ಸಡಿಲವಾಯಿತು.

ಅಂದು ಬಸ್ಸು ತಪ್ಪಿತ್ತು, ಹತ್ತೂವರೆಗೆ ಪ್ರಕರಣವಿತ್ತು. ಸತ್ಯಮಂಗಲದಲ್ಲಿ ಪದವಿ ಓದುತ್ತಿರುವ ನನ್ನ ಅಕ್ಕನ ಮಗ ತನ್ನ 350 ಸಿಸಿಯ ಬೈಕಿನಲ್ಲಿ ಕರೆದೊಯ್ಯುವೆನೆಂದ. ಗಾಡಿ ಚಾಲೂ ಆದೊಡನೆ ಬೀದಿಯ ನಾಯಿಗಳು ಎದ್ದು ನಿಂತವು. ಎದುರುಮನೆಯ ಅಜ್ಜಿ ಕಿವಿ ಮುಚ್ಚಿಕೊಂಡರು. ಕಂಪನಿ ಕೊಟ್ಟ ಸೈಲೆನ್ಸರನ್ನು ಬಿಚ್ಚಿಸಿ ಬೇರೊಂದು ಕೊಳವೆಯನ್ನು ಹಾಕಿಸಿದ್ದ. ಕೇಳಿದರೆ, “ಸದ್ದು ಜೋರಾಗಿದ್ರೆ ಎದುರಿಗೆ ಬರೋರು ಎಚ್ಚರವಾಗಿರ್ತಾರೆ ಮಾವ. ಕಣ್ಣಿಗೆ ಬೀಳದಿದ್ರೂ ಕಿವಿಗೆ ಬೀಳ್ತೀವಿ” ಎಂದ. ಅಕ್ಕನೂ ಬಾಗಿಲಲ್ಲಿ ನಿಂತು ತಲೆಯಾಡಿಸಿದಳು. ಮಗನ ಕ್ಷೇಮಕ್ಕಾಗಿಯೇ ಆ ಸದ್ದು ಎಂದು ಅವಳು ನಂಬಿದ್ದಳು.

ಅವನ ಮಾತನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. ಗಟ್ಟಿ ಸದ್ದು ಜೀವ ಉಳಿಸುತ್ತದೆ ಎಂಬುದು ಅಮೆರಿಕದ ಬೈಕ್ ಸವಾರರಲ್ಲಿ ದಶಕಗಳಿಂದ ಬಳಕೆಯಲ್ಲಿರುವ ಘೋಷವಾಕ್ಯ. ಪೇಟೆಯ ದಟ್ಟಣೆಯಲ್ಲಿ ನಮ್ಮ ಪಕ್ಕದಲ್ಲೇ ನಿಧಾನವಾಗಿ ಸಾಗುತ್ತಿರುವ ಕಾರಿನವನು, ಕಿಟಕಿ ತೆರೆದಿದ್ದರೆ, ಸದ್ದನ್ನು ಕೇಳಿ ಒಮ್ಮೆ ತಿರುಗಿ ನೋಡಿಯಾನು. ಆದರೆ ದಿಂಬಂ ಘಟ್ಟ ಅಂಥ ಪೇಟೆಯಲ್ಲ.

ಇಳಿಯುತ್ತಾ ನಾನು ಗಮನಿಸಿದ ಮೊದಲ ಸಂಗತಿಯಿದು: ಇಳಿಜಾರಿನಲ್ಲಿ ಯಾರೂ ಆಕ್ಸಿಲರೇಟರ್ ತಿರುಗಿಸುವುದಿಲ್ಲ. ತಿರುವು ಸಮೀಪಿಸಿದಾಗ ಅದನ್ನು ಪೂರ್ತಿ ಬಿಟ್ಟಿರುತ್ತೇವೆ. ಆಗ ಸದ್ದೂ ತಗ್ಗುತ್ತದೆ. ಎಚ್ಚರಿಕೆ ಎಲ್ಲಿ ಹೆಚ್ಚು ಬೇಕೋ ಅಲ್ಲಿಯೇ ಈ ಕಾವಲುಗಾರ ತೂಕಡಿಸುತ್ತಾನೆ. ತಿರುವು ಕಳೆದು, ಅಪಾಯ ಹಿಂದೆ ಸರಿದ ಮೇಲೆ ಮತ್ತೆ ಅಬ್ಬರಿಸುತ್ತಾನೆ. ಎರಡನೆಯದು, ಕೊಳವೆಯ ಬಾಯಿ ಇರುವುದು ಹಿಂದಕ್ಕೆ. ಅಪಾಯ ಬರುವುದಾದರೋ ಬಹುಪಾಲು ಮುಂದಿನಿಂದ. ಲಾಸ್ ಏಂಜಲೀಸಿನಲ್ಲಿ 900 ಮೋಟಾರ್‌ಸೈಕಲ್ ಅಪಘಾತಗಳನ್ನು ಸ್ಥಳಕ್ಕೇ ಹೋಗಿ ಪರಿಶೀಲಿಸಿದ ಹ್ಯಾರಿ ಹರ್ಟ್ ಅವರ 1981ರ ವರದಿಯು, ಮುಕ್ಕಾಲು ಪಾಲಿಗೂ ಹೆಚ್ಚು ಅಪಘಾತಗಳಲ್ಲಿ ಅಪಾಯವು ಸವಾರನ ನೇರ ಮುಂದಿನಿಂದ ಎಡಬಲಕ್ಕೆ 45 ಡಿಗ್ರಿಗಳ ಒಳಗೇ ಇತ್ತೆಂದು ಹೇಳಿತು. ಬೈಕು ಇತರ ಚಾಲಕರ ಕಣ್ಣಿಗೆ ಬೀಳದಿರುವುದೇ ದೊಡ್ಡ ಕಾರಣವೆಂದೂ, ಸವಾರನ ಮುಂಭಾಗ ಎದ್ದು ಕಾಣಬೇಕೆಂದೂ ಆ ವರದಿ ತಿಳಿಸಿತು. ನಮ್ಮ ದೇಶದಲ್ಲಿಯೂ 2017ರ ಏಪ್ರಿಲ್ 1ರಿಂದ ಹೊಸ ದ್ವಿಚಕ್ರ ವಾಹನಗಳ ಮುಂದೀಪ ಹಗಲಿನಲ್ಲಿಯೂ ತಾನಾಗಿ ಉರಿಯಬೇಕೆಂಬ ನಿಯಮ ಬಂದಿತು. ಕಾನೂನು ನೆಚ್ಚಿಕೊಂಡಿರುವುದು ಬೆಳಕನ್ನು.

ಮೇಲಿನಿಂದ ಎಣಿಸಿದರೆ ಏಳೋ ಎಂಟೋ ತಿರುವು ಕಳೆದ ಮೇಲೆ ಒಂದು ಬಂಡೆಯ ಬಳಿ ಬೈಕನ್ನು ನಿಲ್ಲಿಸಲು ಹೇಳಿದೆ. ಆ ಜಾಗಕ್ಕೂ ನನಗೂ ಒಂದು ಪ್ರಕರಣದ ನಂಟಿದೆ.

ಕೆಲವು ವರ್ಷಗಳ ಹಿಂದೆ ಅಲ್ಲಿ ನಮ್ಮ ಕಡೆಯ ಹುಡುಗನೊಬ್ಬ, ಇಂಥದೇ ಸದ್ದಿನ ಬೈಕಿನಲ್ಲಿ ಇಳಿಯುತ್ತಾ, ಮೇಲೇರುತ್ತಿದ್ದ ಲಾರಿಗೆ ಡಿಕ್ಕಿ ಹೊಡೆದ. ಜೀವ ಉಳಿಯಿತು, ಬಲಗಾಲು ಮೊಣಕಾಲಿನಿಂದ ಕೆಳಗೆ ಹೋಯಿತು. ಪರಿಹಾರದ ಅರ್ಜಿಯಲ್ಲಿ ಅವನ ಪರ ವಕೀಲ ನಾನೇ ಆಗಿದ್ದೆ. ಅಷ್ಟು ಜೋರಾದ ಸದ್ದು ಲಾರಿಯವನಿಗೆ ಕೇಳಿಸದೆ ಇರಲು ಸಾಧ್ಯವಿಲ್ಲವೆಂಬುದೇ ನನ್ನ ವಾದದ ಆಧಾರ. ಪಾಟೀಸವಾಲಿನಲ್ಲಿ ಲಾರಿ ಚಾಲಕನನ್ನು ಅದನ್ನೇ ಕೇಳಿದೆ. ಆತ ತಡವರಿಸದೆ ಉತ್ತರಿಸಿದ: “ಕೇಳಿಸಿತು. ಮೇಲಿನ ತಿರುವಿನಿಂದಲೋ ಕೆಳಗಿನಿಂದಲೋ ತಿಳಿಯಲಿಲ್ಲ. ಬಂಡೆಗೆ ಬಡಿದು ಎಲ್ಲ ಕಡೆಯಿಂದಲೂ ಬಂದಂತಿತ್ತು.” ಬಳಿಕ ಎದುರು ಪಕ್ಷದ ವಕೀಲರು ನನ್ನ ಹುಡುಗನನ್ನು ಕೇಳಿದರು: ಲಾರಿಯವನು ಹಾರ್ನ್ ಹೊಡೆದನಲ್ಲವೇ? ಹುಡುಗ ನನ್ನ ಮುಖ ನೋಡಿ, ಆಮೇಲೆ ನ್ಯಾಯಾಧೀಶರ ಮುಖ ನೋಡಿ, “ಹೊಡೆದಿರಬಹುದು. ನನ್ನ ಗಾಡಿಯ ಸದ್ದಿನಲ್ಲಿ ನನಗೆ ಏನೂ ಕೇಳಿಸಲಿಲ್ಲ” ಎಂದ.

ಪರಿಹಾರ ಬಂತು, ತಿರುವಿನಲ್ಲಿ ಬಲಕ್ಕೆ ಸರಿದ ತಪ್ಪಿಗಾಗಿ ಅವನ ಪಾಲಿನಿಂದ ಒಂದಿಷ್ಟು ಕಡಿತವೂ ಆಯಿತು. ಆ ಹಣದ ಲೆಕ್ಕ ಈಗ ಮರೆತಿದ್ದೇನೆ. ಅವನ ಆ ವಾಕ್ಯವನ್ನು ಮರೆತಿಲ್ಲ. ಇತರರಿಗೆ ಕೇಳಿಸಲೆಂದು ಹಾಕಿಸಿಕೊಂಡ ಸದ್ದು ಅವನನ್ನೇ ಕಿವುಡನನ್ನಾಗಿ ಮಾಡಿತ್ತು.

ಬಂಡೆಯ ಬಳಿ ನಿಂತು ಇದನ್ನೆಲ್ಲ ಹೇಳಿದಾಗ ಅಕ್ಕನ ಮಗ ಬೈಕಿನ ಕನ್ನಡಿಯನ್ನು ಒರೆಸುತ್ತಿದ್ದ. ಎಂಜಿನ್ ನಿಂತಿದ್ದರಿಂದ ಘಟ್ಟವೇ ಮಾತನಾಡತೊಡಗಿತ್ತು. ಕೆಳಗೆ ಎಲ್ಲೋ ಲಾರಿಯೊಂದು ಗೇರು ಬದಲಿಸಿತು. ಬಿದಿರ ಮೆಳೆಯಲ್ಲಿ ಗಾಳಿ ಸುಳಿಯಿತು. ಆನೆಗಳು ಕಬ್ಬಿನ ಲಾರಿಗಳನ್ನು ಅಡ್ಡಗಟ್ಟುವುದನ್ನು ಹಾಸನೂರಿನ ಸುತ್ತ ಕಂಡವರಿಗೆ ಗೊತ್ತು: ಆನೆ ಕಣ್ಣಿಗೆ ಬೀಳುವ ಮೊದಲು ಕಿವಿಗೆ ಬೀಳುತ್ತದೆ, ಬಿದಿರು ಮುರಿದ ಸದ್ದಾಗಿ. ಈ ಕಾಡಿನ ಜೀವಿಗಳಿಗಾಗಿ ಮದರಾಸು ಉಚ್ಚ ನ್ಯಾಯಾಲಯದ ಆದೇಶದಂತೆ 2022ರಿಂದ ಈ ರಸ್ತೆಯಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧವಿದೆ. ಹಗಲಿನಲ್ಲಿ ಹೋಗುವವರೂ ಅವುಗಳ ಮನೆಯಂಗಳದಲ್ಲೇ ಹೋಗುತ್ತಿದ್ದಾರೆ ಎಂಬುದನ್ನು ನೆನಪಿಡಬೇಕು.

ಕಾನೂನಿನ ಮಾತನ್ನೂ ಓದುಗರಲ್ಲಿ ನಿವೇದಿಸಬೇಕು. ಏಕೆಂದರೆ ಗಾಡಿ ಸಾಮಾನ್ಯವಾಗಿ ತಂದೆಯ ಹೆಸರಿನಲ್ಲಿರುತ್ತದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 120ನೆಯ ನಿಯಮದಂತೆ ಪ್ರತಿ ವಾಹನಕ್ಕೂ ಸದ್ದನ್ನು ತಗ್ಗಿಸುವ ಸೈಲೆನ್ಸರ್ ಇರಲೇಬೇಕು. ತಯಾರಿಕೆಯ ಹಂತದಲ್ಲಿ 175 ಸಿಸಿ ಮೀರಿದ ದ್ವಿಚಕ್ರ ವಾಹನಕ್ಕೆ ವಿಧಿಸಿರುವ ಮಿತಿ 80 ಡೆಸಿಬೆಲ್. ಡೆಸಿಬೆಲ್ ಹತ್ತು ಹೆಚ್ಚಿದರೆ ಸದ್ದಿನ ಶಕ್ತಿ ಹತ್ತರಷ್ಟಾಗುತ್ತದೆ. ಎಂದರೆ 100 ಡೆಸಿಬೆಲ್ ಎಂಬುದು 80ರ ನೂರರಷ್ಟು. ಶಬ್ದ ನಿಯಂತ್ರಣದ ಮಾನದಂಡವನ್ನು ಮೀರಿ ಗಾಡಿ ಓಡಿಸಿದರೆ ಅಥವಾ ಓಡಿಸಲು ಬಿಟ್ಟರೆ, ಮೋಟಾರು ವಾಹನ ಕಾಯ್ದೆಯ 190(2)ನೆಯ ಕಲಮಿನಂತೆ ಮೊದಲ ಅಪರಾಧಕ್ಕೇ 3 ತಿಂಗಳವರೆಗಿನ ಸೆರೆವಾಸ, ಅಥವಾ 10,000 ರೂಪಾಯಿವರೆಗಿನ ದಂಡ, ಅಥವಾ ಎರಡೂ. ಜೊತೆಗೆ 3 ತಿಂಗಳು ಪರವಾನಗಿಗೆ ಅನರ್ಹತೆ. “ಓಡಿಸಲು ಬಿಟ್ಟರೆ” ಎಂಬ ಮಾತು ನಮ್ಮಂಥ ಹಿರಿಯರಿಗೆ ಸಂಬಂಧಿಸಿದ್ದು.

ಹಾಗಾದರೆ ಘಟ್ಟದಲ್ಲಿ ಮಕ್ಕಳನ್ನು ಕಾಯುವುದು ಯಾವುದು? ಎಡಬದಿ ಬಿಡದಿರುವುದು, ತಿರುವಿಗೆ ಮುನ್ನವೇ ವೇಗ ತಗ್ಗಿಸುವುದು, ಬೇಕಾದ ಕ್ಷಣದಲ್ಲಿ ಮಾತ್ರ ಹಾರ್ನ್, ತಲೆಗೆ ಪಟ್ಟಿ ಬಿಗಿದ ಹೆಲ್ಮೆಟ್, ಕಡಿದಾದ ಇಕ್ಕಟ್ಟಿನ ದಾರಿಯಲ್ಲಿ ಏರುವ ವಾಹನಕ್ಕೆ ಇಳಿಯುವವನು ದಾರಿ ಬಿಡಬೇಕೆಂಬ ನಿಯಮದ ಪಾಲನೆ. ಕೋಸು ತುಂಬಿದ ಲಾರಿಯಾಗಲಿ ಬಸ್ಸಾಗಲಿ ಹೇರ್‌ಪಿನ್ ತಿರುವಿನಲ್ಲಿ ರಸ್ತೆಯನ್ನೆಲ್ಲ ಬಳಸದೆ ತಿರುಗಲಾರದು. ಯಾವ ಸದ್ದೂ ಅದನ್ನು ಕಿರಿದಾಗಿಸದು.

ಅಂದು ಬಣ್ಣಾರಿಯವರೆಗೂ ಅವನು ಮಾತನಾಡಲಿಲ್ಲ, ನಾನೂ ಒತ್ತಾಯಿಸಲಿಲ್ಲ. ದೀಪಾವಳಿಯ ರಜೆಗೆ ಬಂದವನು ಅಟ್ಟದ ಮೇಲಿದ್ದ ಹಳೆಯ ಸೈಲೆನ್ಸರನ್ನು ಇಳಿಸಿ ಹಾಕಿಸಿಕೊಂಡನೆಂದು ಅಕ್ಕ ಹೇಳಿದಳು. ರಜೆ ಮುಗಿದ ದಿನ ಮತ್ತೆ ಅವನ ಹಿಂದೆ ಕುಳಿತು ಘಟ್ಟ ಇಳಿದೆ. ಅದೇ ಬಂಡೆಗೆ ಮೊದಲೇ ಅವನು ತಾನಾಗಿ ವೇಗ ತಗ್ಗಿಸಿ ಎಡಕ್ಕೆ ನಿಂತ. ಏಕೆಂದು ನನಗೆ ಮೊದಲು ತಿಳಿಯಲಿಲ್ಲ. ಕೆಲವು ಕ್ಷಣಗಳ ನಂತರ ಲಾರಿಯೊಂದು ಏದುಸಿರು ಬಿಡುತ್ತಾ ತಿರುವಿನಿಂದ ಮೇಲೆದ್ದು ಬಂದು, ರಸ್ತೆಯನ್ನೆಲ್ಲ ತುಂಬಿಕೊಂಡು ತಿರುಗಿತು. ಚಾಲಕ ಕೈಯೆತ್ತಿ ವಂದಿಸಿ ಮುಂದೆ ಹೋದ.

“ಕೆಳಗಿನ ತಿರುವಿನಲ್ಲಿರುವಾಗಲೇ ಕೇಳಿಸ್ತು ಮಾವ” ಎಂದ ಅಕ್ಕನ ಮಗ.