ತಂತಿಯ ಎಳೆಗಳು

ಯಂತ್ರಗಳ ಮುಖವನ್ನು ನೋಡಿ ಮರುಳಾಗುವವರು ಬಹಳ ಮಂದಿ; ಅವುಗಳ ಬೆನ್ನನ್ನು ನೋಡಿ ಬೆವರುವವರಲ್ಲಿ ನಾನೊಬ್ಬ. ಚಳ್ಳಕೆರೆಯ ನಮ್ಮ ಮನೆಗೆ ಮಗನು ಹೋಂ ಥಿಯೇಟರ್ ಒಂದನ್ನು ತಂದಿರಿಸಿ, ಅದನ್ನು ಜೋಡಿಸುವ ಮುನ್ನವೇ ರಜೆ ಮುಗಿಯಿತೆಂದು ಬೆಂಗಳೂರಿಗೆ ಹೊರಟುಹೋದ. ಐದು ಸ್ಪೀಕರುಗಳು, ತಗ್ಗು ಸ್ವರಗಳಿಗೆಂದೇ ಮೀಸಲಾದ ಆರನೆಯ ದಪ್ಪ ಪೆಟ್ಟಿಗೆ, ಇವೆಲ್ಲಕ್ಕೂ ಯಜಮಾನನಂತೆ ರಿಸೀವರ್ ಎಂಬ ಕಪ್ಪು ಯಂತ್ರ. ಅದನ್ನು ತಿರುಗಿಸಿ ನೋಡಿದೆ. ಜೇನುಗೂಡಿನಂತೆ ಮೈತುಂಬ ತೂತುಗಳು!

ನಾಲ್ಕು ದಿನ ಅದರತ್ತ ಸುಳಿಯಲಿಲ್ಲ. ಐದನೆಯ ದಿನ ಮೊಳಕಾಲ್ಮೂರಿನಿಂದ ಸೋದರಮಾವ ಬಂದರು. ರೇಷ್ಮೆ ಸೀರೆ ನೇಯುತ್ತಲೇ ಮುಪ್ಪಾದವರು ಅವರು. ಚೀಲದಿಂದ ಹಳೆಯ ಟೇಪ್‌ರೆಕಾರ್ಡರನ್ನೂ ಒಂದು ಕ್ಯಾಸೆಟ್ಟನ್ನೂ ಹೊರತೆಗೆದರು. 1986ರಲ್ಲಿ ಅತ್ತೆ ಮಗ್ಗದ ಬಳಿ ಕುಳಿತು ಹಾಡಿದ್ದನ್ನು ನಾನೇ ಅದರಲ್ಲಿ ಹಿಡಿದಿಟ್ಟಿದ್ದೆ. ಅತ್ತೆ ಈಗಿಲ್ಲ. ರೆಕಾರ್ಡರಿನ ಸ್ಪೀಕರು ಹರಿದಿದೆ. ಮಾವನ ಕಿವಿಯೂ ಮಂದವಾಗಿದೆ. “ನಿನ್ನ ದೊಡ್ಡ ಪೆಟ್ಟಿಗೆಯಲ್ಲಾದರೂ ಕೇಳಿಸೀತೇ?” ಎಂದರು. ಇಲ್ಲವೆನ್ನಲು ನಾಲಗೆ ಏಳಲಿಲ್ಲ.

ಕೈಪಿಡಿಯನ್ನು ಹರಡಿಕೊಂಡು ಕುಳಿತೆ. ಸಾರಾಂಶವೇನೋ ಸರಳ: ಪ್ರತಿಯೊಂದು ತಂತಿಗೂ ಕೊಡುವ ತುದಿಯೊಂದು, ಕೊಳ್ಳುವ ತುದಿಯೊಂದು. ಧ್ವನಿಯನ್ನು ಹೊರಡಿಸುವ ಯಂತ್ರದ ‘ಔಟ್‌ಪುಟ್’ನಿಂದ ಹೊರಟದ್ದು ರಿಸೀವರಿನ ‘ಇನ್‌ಪುಟ್’ಗೆ ಸೇರಬೇಕು. ಮಾವನ ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ 1892ರಲ್ಲಿ ಬಿ. ಎಲ್. ರೈಸ್ ಅವರು ಕಂಡುಹಿಡಿದ ಅಶೋಕನ ಶಾಸನವೂ ಇಂಥದೇ ಕ್ರಮವನ್ನು ಹೇಳುತ್ತದಲ್ಲವೇ? ಸುವರ್ಣಗಿರಿಯ ರಾಜಕುಮಾರನೂ ಮಹಾಮಾತ್ರರೂ ಇಸಿಲದ ಮಹಾಮಾತ್ರರ ಆರೋಗ್ಯವನ್ನು ವಿಚಾರಿಸಿ, ಬಳಿಕ ಚಕ್ರವರ್ತಿಯ ಮಾತನ್ನು ತಿಳಿಸುತ್ತಾರೆ. ಎಲ್ಲಿಂದ ಹೊರಟಿತು, ಎಲ್ಲಿಗೆ ತಲುಪಬೇಕು ಎಂಬುದರಲ್ಲಿ ಸಂದೇಹವೇ ಇಲ್ಲ. ಇಷ್ಟನ್ನು ಮನಸ್ಸಿನಲ್ಲೇ ಮೆಚ್ಚಿಕೊಂಡ ನಾನು, ತಂತಿಯನ್ನು ಒಯ್ದು ಸಿಕ್ಕಿಸಿದ್ದು ರಿಸೀವರಿನ ಔಟ್‌ಪುಟ್ಟಿಗೆ!

ಅದನ್ನು ಕಿತ್ತು ‘ಫೋನೋ’ ಎಂಬ ತೂತಿಗೆ ಹಾಕಹೊರಟೆ. ಪುಣ್ಯಕ್ಕೆ ಕೈಪಿಡಿ ತಡೆಯಿತು. ಅದು ಗ್ರಾಮಾಫೋನ್ ತಟ್ಟೆಯ ಮುಳ್ಳಿನಿಂದ ಬರುವ ಕ್ಷೀಣ ಸಂಕೇತಕ್ಕೆ ಮೀಸಲು. ಅಲ್ಲಿ ಬಂದದ್ದನ್ನು ಯಂತ್ರ ಬಹುಪಟ್ಟು ಹಿಗ್ಗಿಸುತ್ತದೆ. ಟೇಪಿನ ಬಲವಾದ ಸಂಕೇತವನ್ನು ಅಲ್ಲಿ ನುಗ್ಗಿಸಿದರೆ ಹಾಡಿನ ಬದಲು ಕರ್ಕಶವಾದ ಅರಚಾಟ. ಟೆಲಿವಿಷನ್ನಿನ ವಿಚಾರ ಇನ್ನೂ ವಿಚಿತ್ರ. ಎಚ್‌ಡಿಎಂಐ ಎಂಬ ಒಂದೇ ತಂತಿಯಲ್ಲಿ ಚಿತ್ರ ಅತ್ತ ಹೋಗುತ್ತದೆ. ‘ಎಆರ್‌ಸಿ’ ಎಂದು ಬರೆದ ತೂತುಗಳನ್ನೇ ಎರಡೂ ಕಡೆ ಆರಿಸಿಕೊಂಡರೆ, ಟೆಲಿವಿಷನ್ನಿನ ಧ್ವನಿ ಅದೇ ತಂತಿಯಲ್ಲಿ ಇತ್ತ ಮರಳಿ ಬರುತ್ತದೆ. ಆ ಉಸಾಬರಿಯನ್ನು ನಾನು ಮಗನ ಮುಂದಿನ ರಜೆಗೆ ಬಿಟ್ಟೆ.

ಉಳಿದದ್ದು ಸ್ಪೀಕರುಗಳು. ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು. ಒಂದರಲ್ಲಿ ಮಾತ್ರ ಇದು ತಿರುವುಮುರುವಾದರೂ ಎರಡು ಸ್ಪೀಕರುಗಳ ತಗ್ಗು ಸ್ವರಗಳು ಒಂದನ್ನೊಂದು ನುಂಗಿಹಾಕುತ್ತವಂತೆ. ಎಚ್ಚರದಿಂದಲೇ ಜೋಡಿಸಿ ಗುಂಡಿ ಒತ್ತಿದೆ. ಯಂತ್ರ ‘ಟಕ್’ ಎಂದು ತಾನಾಗಿಯೇ ಆರಿಹೋಯಿತು. ಮತ್ತೊಮ್ಮೆ ಒತ್ತಿದೆ, ಮತ್ತೆ ಟಕ್. ಮಾವ ಕ್ಯಾಸೆಟ್ಟನ್ನು ಎದೆಯ ಜೇಬಿಗೆ ಸೇರಿಸಿಕೊಂಡರು. ನನಗೆ ಅವರ ಮುಖ ನೋಡಲಾಗಲಿಲ್ಲ.

“ಕರೆಂಟು ತೆಗಿ,” ಎಂದು ಅವರೇ ಬಂದು ಯಂತ್ರದ ಹಿಂದೆ ಕುಕ್ಕರಗಾಲಿನಲ್ಲಿ ಕುಳಿತರು. ಕಿವಿ ಮಂದವಾದರೇನು, ಕಣ್ಣು ನೇಕಾರನದು. ಒಂದೊಂದೇ ತಂತಿಯ ಮೇಲೆ ಬೆರಳಾಡಿಸುತ್ತ ಹೋಗಿ ಒಂದೆಡೆ ನಿಂತರು. “ಇಲ್ಲಿ ನೋಡು, ಒಂದು ಎಳೆ ಪಕ್ಕದ ಮನೆಗೆ ಹೋಗಿದೆ.” ಕೂದಲಿನಂಥ ತಾಮ್ರದ ಎಳೆಯೊಂದು ಕೆಂಪು ಕಂಬದಿಂದ ಚಾಚಿ ಕಪ್ಪು ಕಂಬವನ್ನು ಮುಟ್ಟಿತ್ತು! ವಿದ್ಯುತ್ತು ಅಡ್ಡದಾರಿ ಹಿಡಿಯಿತೆಂದರೆ ಯಂತ್ರ ಸುಟ್ಟುಹೋದೀತು. ಅದಕ್ಕೇ ಅದು ತನ್ನನ್ನು ತಾನು ಆರಿಸಿಕೊಳ್ಳುತ್ತಿತ್ತು.

ಮಗ್ಗದ ಮೇಲಿನ ಹಾಸು ಮುಗಿದಾಗ ಹೊಸ ಹಾಸಿನ ಸಾವಿರಾರು ಎಳೆಗಳನ್ನು ಹಳೆಯ ತುದಿಗಳಿಗೆ ಒಂದೊಂದಾಗಿ ಹೊಸೆದು ಕೂಡಿಸುತ್ತಾರೆ. ಅದಕ್ಕೆ ಕೆಚ್ಚುವುದೆನ್ನುತ್ತಾರೆ. ಮಾವ ತಾಮ್ರದ ಎಳೆಗಳನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಹಾಗೆಯೇ ಹೊಸೆದು ಸಿಕ್ಕಿಸಿದರು. ಈ ಬಾರಿ ದೀಪ ಆರಲಿಲ್ಲ.

ಟೇಪು ತಿರುಗಿತು. ಹಳೆಯ ರೆಕಾರ್ಡರಿನಲ್ಲಿದ್ದುದು ಒಂದೇ ದನಿಯ ಹೊರದಾರಿ. ನಾನು ಚುಚ್ಚಿದ್ದು ಎರಡು ದನಿಗಳ ಪ್ಲಗ್ಗು. ಆದ್ದರಿಂದ ಬಲಗಡೆಯ ಸ್ಪೀಕರು ಮೌನವಾಗಿಯೇ ಉಳಿಯಿತು. ಎಡಗಡೆಯಿಂದ ಮೊದಲು ಕೇಳಿದ್ದು ಹಾಡಲ್ಲ, ಲಾಳಿಯ ಸದ್ದು. ಮಾವ ತಮ್ಮ ಮಣೆಯನ್ನು ಎಡಕ್ಕೆ ಎಳೆದುಕೊಂಡರು. “ನಮ್ಮ ಹಳೆಯ ಮಗ್ಗ,” ಎಂದರು. ಮಾರಿದ ಮಗ್ಗ ಅದು. ಅನಂತರ ಅತ್ತೆಯ ಸ್ವರ ಎದ್ದಿತು. ಮಾವನ ಬಲಗೈ ಮಾತ್ರ ಲಾಳಿಯ ಹಗ್ಗ ಎಳೆಯುವಂತೆ ಮಂಡಿಯ ಮೇಲೆ ಮೆಲ್ಲಗೆ ಅಲುಗುತ್ತಿತ್ತು. ಹಾಡಿನ ನಡುವೆ ಅತ್ತೆ ಯಾರನ್ನೋ ಗದರಿದರು: ಒಲೆಯ ಮೇಲೆ ಹಾಲಿದೆ, ನೋಡಿ. ಮಾವ ಅಡುಗೆಮನೆಯ ಕಡೆ ತಿರುಗಿದರು.