ಮನೆ ಯಾರ ಹೆಸರಲ್ಲಿದೆ?

ನಾನು ಎಂಟನೇ ಕ್ಲಾಸಿನಲ್ಲಿದ್ದಾಗ ಒಂದು ರಾತ್ರಿ ಬಿರುಗಾಳಿಗೆ ನಮ್ಮ ಮನೆಯ ಶೀಟು ಹಾರಿಹೋದವು. ಬೆಳಗ್ಗೆ ಅಪ್ಪ ಬ್ಯಾಂಕಿಗೆ ಹೋದರು. ಮನೆಯ ಖಾತೆ ತೀರಿಕೊಂಡ ತಾತನ ಹೆಸರಲ್ಲಿದೆ ಅಂತ ಸಾಲ ಕೊಡದೆ ವಾಪಸ್ ಕಳಿಸಿದರು. ಕೊನೆಗೆ ಶೀಟಿಗೆ ದುಡ್ಡು ಬಂದದ್ದು ಅಮ್ಮನ ಸ್ತ್ರೀಶಕ್ತಿ ಸಂಘದಿಂದ. ವಾರಕ್ಕೆ ಇಪ್ಪತ್ತು ರೂಪಾಯಿ ಕಟ್ಟಲು ಅವಳು ಓಡುವುದನ್ನು ನೋಡಿ ನಾನು ನಗುತ್ತಿದ್ದೆ. ಆಮೇಲೆ ನಗುವುದನ್ನು ಬಿಟ್ಟೆ.

ಆ ಇಪ್ಪತ್ತು ರೂಪಾಯಿಯ ಬೆಲೆ ಸರಿಯಾಗಿ ತಿಳಿದದ್ದು ಪತ್ರಿಕೋದ್ಯಮ ಓದುವಾಗ. ನಮ್ಮ ಕೋಲಾರ ಜಿಲ್ಲೆಯ ಯಾರ ಬಗ್ಗೆಯಾದರೂ ಬರೆದು ತನ್ನಿ ಎಂದರು ಮೇಷ್ಟ್ರು. ನನಗೆ ಸಿಕ್ಕಿದ್ದು ಜಾಕಿನ್ ಅರ್ಪುತಂ. 1947ರಲ್ಲಿ ಕೆಜಿಎಫ್‌ನಲ್ಲಿ ಹುಟ್ಟಿ, ಹುಡುಗನಾಗಿದ್ದಾಗಲೇ ಮುಂಬೈ ಸೇರಿ, ಕೊಳೆಗೇರಿಯಲ್ಲೇ ಬದುಕಿ, ಅಲ್ಲಿನ ಜನರ ಒಕ್ಕೂಟ ಕಟ್ಟಿದವರು. 2000ದಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದರು, 2018ರಲ್ಲಿ ತೀರಿಕೊಂಡರು. ಅವರ ಬಗ್ಗೆ ಓದುತ್ತಾ ಹೋದರೆ ಅವರ ದಾರಿ ದಕ್ಷಿಣ ಆಫ್ರಿಕಾಕ್ಕೆ ಹೋಗಿತ್ತು!

ಅಲ್ಲಿ ಬಿಳಿಯರ ಸರ್ಕಾರವಿದ್ದಾಗ ಕಪ್ಪು ಜನ ಪಾಸ್ ಇಲ್ಲದೆ ನಗರದಲ್ಲಿ ಇರುವಂತಿರಲಿಲ್ಲ. ಪಾಸ್ ಕಾನೂನು ಹೋದದ್ದು 1986ರಲ್ಲಿ. ಹಳ್ಳಿಗಳಿಂದ ಕೇಪ್‌ಟೌನಿಗೆ ಬಂದವರು ತಗಡು, ಹಲಗೆ, ಪ್ಲಾಸ್ಟಿಕ್‌ನಲ್ಲಿ ಗುಡಿಸಲು ಹಾಕಿಕೊಂಡರು. ಜಾಗ ತಮ್ಮದಲ್ಲ, ಸಂಬಳದ ಚೀಟಿ ಇಲ್ಲ. ಬ್ಯಾಂಕು ಸಾಲ ಕೊಡುವುದಾದರೂ ಹೇಗೆ?

1991ರಲ್ಲಿ ಜಾಕಿನ್ ಅಲ್ಲಿಗೆ ಹೋದರು. ಸ್ವಾತಂತ್ರ್ಯ ಹತ್ತಿರ ಬಂದಿದ್ದ ಕಾಲ. ಹೊಸ ಸರ್ಕಾರ ಬಂದರೆ ಎಲ್ಲವನ್ನೂ ಕೊಟ್ಟುಬಿಡುತ್ತದೆ ಎಂದು ಕಾಯುತ್ತಾ ಕೂರಬೇಡಿ ಎಂದು ಎಚ್ಚರಿಸಿದರು. ಆಮೇಲೆ ಅಲ್ಲಿನ ಗುಡಿಸಲುವಾಸಿಗಳು ಮುಂಬೈಗೆ ಬಂದು, ಫುಟ್‌ಪಾತಿನ ಹೆಂಗಸರು ಏನು ಮಾಡುತ್ತಾರೆಂದು ನೋಡಿದರು. ಈ ಹೆಂಗಸರು ದಿನವೂ ಮನೆಮನೆಗೆ ಹೋಗಿ ಪುಡಿಗಾಸು ಕೂಡಿಸುತ್ತಿದ್ದರು. ಬಟ್ಟೆ ಕಟ್ಟಿ ಮನೆಯಷ್ಟೇ ದೊಡ್ಡ ಮಾದರಿ ನಿಲ್ಲಿಸಿ, ಒಲೆ ಎಲ್ಲಿ, ಬಾಗಿಲು ಎಲ್ಲಿ ಎಂದು ತಾವೇ ತೀರ್ಮಾನಿಸುತ್ತಿದ್ದರು.

ಕೇಪ್‌ಟೌನಿನ ಫಿಲಿಪ್ಪಿಯಲ್ಲಿ ಒಂದಿಷ್ಟು ಹೆಂಗಸರು ಅದನ್ನೇ ಮಾಡಿದರು. ಗುಂಪಿಗೆ ವಿಕ್ಟೋರಿಯಾ ಮ್ಷೆಂಗೆ ಎಂದು ಹೆಸರಿಟ್ಟರು. 1985ರಲ್ಲಿ ಕೊಲೆಯಾದ, ವರ್ಣಭೇದದ ವಿರುದ್ಧ ಹೋರಾಡಿದ ವಕೀಲೆ ಆಕೆ. ಹೆಂಗಸರೇ ಇಟ್ಟಿಗೆ ಮಾಡಿದರು, ಲೆಕ್ಕ ಬರೆದರು, ಗೋಡೆ ಎಬ್ಬಿಸಿದರು. 1994ರಲ್ಲಿ ಬಂದ ಹೊಸ ಸರ್ಕಾರ ತೀರಾ ಕಡಿಮೆ ಆದಾಯದ ಕುಟುಂಬಕ್ಕೆ 15,000 ರ‍್ಯಾಂಡ್ ಸಹಾಯಧನ ಇಟ್ಟಿತು. ಅದೇ ದುಡ್ಡಿಗೆ ಕಂಟ್ರಾಕ್ಟರು ಕಟ್ಟಿದ್ದಕ್ಕಿಂತ ಈ ಹೆಂಗಸರ ಮನೆಗಳು ದೊಡ್ಡವು. ಹಾಗೆ ನೂರಕ್ಕೂ ಹೆಚ್ಚು ಮನೆ ಎದ್ದವು.

ರಜೆಗೆ ಬಂದಾಗ ಇದನ್ನೆಲ್ಲ ಅಮ್ಮನಿಗೆ ಓದಿ ಹೇಳಿದೆ. ಅವರೆಕಾಯಿ ಬಿಡಿಸುತ್ತಾ ಕೇಳಿಸಿಕೊಂಡಳು. ಕೊನೆಗೆ ಒಂದೇ ಮಾತು ಕೇಳಿದಳು: "ಸರಿ ಕಣೇ, ಆ ಮನೆಗಳ ಪತ್ರ ಯಾರ ಹೆಸರಲ್ಲಿ ಬಂತು?"

ನನ್ನ ಬಳಿ ಉತ್ತರ ಇರಲಿಲ್ಲ. ಮತ್ತೆ ಓದಿದೆ. ಸಾಕಬೇಕಾದ ಮಕ್ಕಳಿರುವ ಒಂಟಿ ಹೆಂಗಸಿಗೂ ಆ ಸಹಾಯಧನ ಸಿಗುತ್ತಿತ್ತು, ಅದು ಒಳ್ಳೆಯದೇ. ಆದರೆ ಸರ್ಕಾರ ದೇಶದ ತುಂಬ ಕಟ್ಟಿಸಿ ಪುಕ್ಕಟೆ ಕೊಟ್ಟ ಮನೆಗಳಲ್ಲಿ ಲಕ್ಷಾಂತರ ಮನೆಗಳಿಗೆ ಹಕ್ಕುಪತ್ರವೇ ಕೈಸೇರಲಿಲ್ಲ. ಎಷ್ಟೋ ಮನೆಗಳು ಊರಾಚೆ, ಕೆಲಸದಿಂದ ದೂರ. ಬಸ್ಸು, ಟ್ಯಾಕ್ಸಿಗೇ ದುಡಿದದ್ದು ಹೋಗುತ್ತದೆ. ಎಂಟು ವರ್ಷ ಮಾರಬಾರದೆಂದು ಕಾನೂನು ಬಂತು. ಕಷ್ಟಕ್ಕೆ ಸಿಕ್ಕವರು ಬಿಳಿ ಹಾಳೆಯ ಮೇಲೆ ಬರೆದುಕೊಟ್ಟು ಮಾರಿದರು. ಕೊಂಡವರು ಮನೆಯಲ್ಲಿದ್ದಾರೆ, ದಾಖಲೆಯಲ್ಲಿಲ್ಲ. ಯಜಮಾನ ಸತ್ತರೆ, ಮನೆ ನನ್ನದು ತನ್ನದು ಎಂದು ನೆಂಟರ ಜಗಳ.

ಆದರೂ ಅಲ್ಲಿನ ಬಡವರಿಗೆ ಮನೆ ಬರೀ ತಲೆಯ ಮೇಲಿನ ಸೂರಲ್ಲ. ಹಿತ್ತಲಲ್ಲಿ ತಗಡಿನ ಕೋಣೆ ಹಾಕಿ ಬಾಡಿಗೆಗೆ ಕೊಡುತ್ತಾರೆ. ಮುಂದೆ ಸಣ್ಣ ಅಂಗಡಿ ಇಡುತ್ತಾರೆ. ಗಂಡ ಬಿಟ್ಟು ಹೋದರೂ ಒಲೆ ಉರಿಯುವುದು ಅದರಿಂದ. ಅದಕ್ಕೇ ಪತ್ರದಲ್ಲಿ ಯಾರ ಹೆಸರಿದೆ ಅನ್ನುವುದು ಅಷ್ಟು ಮುಖ್ಯ.

ಅಮ್ಮನಿಗೆ ಇದನ್ನು ಹೇಳಿದೆ. ಅವಳು ಎದ್ದು ಹೋಗಿ ಟ್ರಂಕು ತೆಗೆದು, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಟ್ಟ ಹಳೇ ಕಾಗದ ತಂದಳು. ಖಾತೆ ಈಗಲೂ ತಾತನ ಹೆಸರಲ್ಲೇ ಇದೆ. ಶೀಟಿನ ಸಾಲ ತೀರಿಸಿ ಎಷ್ಟೋ ವರ್ಷವಾಯಿತು. ಆ ಸಾಲ ತೀರಿಸಿದವಳ ಹೆಸರು ಮಾತ್ರ ಆ ಮನೆಯ ಯಾವ ಕಾಗದದಲ್ಲೂ ಇಲ್ಲ.

ಅಪ್ಪನ ಜೊತೆ ಮಾತಾಡಿದ್ದೇನೆ. ಸೋಮವಾರ ಮೂವರೂ ಪಂಚಾಯಿತಿಗೆ ಹೋಗುತ್ತಿದ್ದೇವೆ. ಅರ್ಜಿಯಲ್ಲಿ ಎರಡು ಹೆಸರು ಬರೆಯಬೇಕು. ನಿಮ್ಮ ಮನೆಯ ಟ್ರಂಕನ್ನೂ ಒಮ್ಮೆ ತೆಗೆದು ನೋಡಿ.